ಟ್ಯಾಂಕ್ ಬಿಟ್ಟೆ, ಫಿಲ್ಮ್ ಬಿಡಲಿಲ್ಲ

ನಮ್ಮ ಫೋಟೋ ಲ್ಯಾಬಿಗೆ ಲೇಸರ್ ಮಿನಿಲ್ಯಾಬ್ (ಡಿಜಿಟಲ್ ಫೈಲಿನಿಂದ ಫೋಟೋ ಪ್ರಿಂಟ್ ಹಾಕೋ ಮೆಷಿನ್) ಹಾಕಿದಾಗ "ಫಿಲ್ಮ್ ಕೆಲಸ ನಿಲ್ಲಿಸಿಬಿಡು" ಅಂದವರೇ ಹೆಚ್ಚು. ಅವರಲ್ಲೇ ಕೆಲವರು ಈಗ ತಮಗೆ ಬಂದ ರೋಲುಗಳನ್ನು ನನಗೆ ಕಳಿಸ್ತಾರೆ. ಅದಕ್ಕೇ ಬರೀತಿದ್ದೀನಿ.

ಪೇಪರ್ ಕಡೆ ದೊಡ್ಡ ಏಟೇನೂ ಬೀಳಲಿಲ್ಲ. ನೆಗೆಟಿವ್ ಬರಲಿ, ಫೈಲ್ ಬರಲಿ, ಪೇಪರ್ ಅದೇ, ಅದನ್ನು ತೊಳೆಯೋ ಆರ್‌ಎ-4 ಕೆಮಿಕಲ್ ಅದೇ. ಮುಂಚೆ ರೋಲಿನ 36 ಫೋಟೋನೂ ಪ್ರಿಂಟ್ ಹಾಕಿಸ್ತಿದ್ದವರು ಈಗ ಸ್ಕ್ರೀನಲ್ಲಿ ನೋಡಿ ನಾಲ್ಕೈದು ಆರಿಸ್ತಾರೆ, ಅಷ್ಟೆ. ಕೈ ಕೊಟ್ಟಿದ್ದು ಸಿ-41 ಟ್ಯಾಂಕು, ಅಂದರೆ ಕಲರ್ ನೆಗೆಟಿವ್ ಫಿಲ್ಮ್ ತೊಳೆಯೋ ಕೆಮಿಕಲ್ ತೊಟ್ಟಿ. ರೋಲ್ ಓಡಿದಷ್ಟೇ ರಿಪ್ಲೆನಿಶರ್ (ಸವೆದದ್ದನ್ನು ತುಂಬೋ ಹೊಸ ಕೆಮಿಕಲ್) ಇಳಿಯೋದು. ರೋಲೇ ಇಲ್ಲದಿದ್ದರೆ ಡೆವಲಪರ್, ಅಂದರೆ ಚಿತ್ರ ಮೂಡಿಸೋ ಕೆಮಿಕಲ್, ಬಿಸಿಯಲ್ಲಿ ಕೂತು ಗಾಳಿ ಕುಡಿದು ಕೆಡುತ್ತೆ. ತಿಂಗಳಿಗೊಮ್ಮೆಯಾದರೂ ಟ್ಯಾಂಕ್ ಪೂರ್ತಿ ಹೊಸದಾಗದಿದ್ದರೆ ನಮ್ಮ ಕಂಟ್ರೋಲ್ ಸ್ಟ್ರಿಪ್ (ಕೆಮಿಕಲ್ ಸರಿಯಿದೆಯಾ ಅಂತ ಅಳೆಯೋ ಪರೀಕ್ಷಾ ಫಿಲ್ಮ್ ತುಂಡು) ಹದ ತಪ್ಪುತ್ತಿತ್ತು.

ಮೊದಲು ರಿಪ್ಲೆನಿಶರ್ ಪ್ರಮಾಣ ಏರಿಸಿದೆ. ರೀಡಿಂಗ್ ಸರಿಹೋಯ್ತು, ಆದರೆ ಒಂದು ರೋಲಿನ ಕೂಲಿಗಿಂತ ಮೋರಿಗೆ ಹೋದ ಕೆಮಿಕಲ್ಲೇ ದುಬಾರಿಯಾಯ್ತು. ಬೆಳಕು ಬಿದ್ದ ವೇಸ್ಟ್ ಫಿಲ್ಮ್ ಓಡಿಸಿ ಟ್ಯಾಂಕನ್ನು ದುಡಿಸೋಣ ಅಂತಲೂ ನೋಡಿದೆ, ಮತ್ತದೇ ಲೆಕ್ಕ. ಡೆವಲಪರ್ ಮೇಲೆ ತೇಲುವ ಮುಚ್ಚಳ ಹಾಕಿದ್ದು, ರಾತ್ರಿ ಹೀಟರ್ ಆರಿಸಿದ್ದು ಒಂದೆರಡು ವಾರ ಉಳಿಸಿಕೊಟ್ಟಿತು. ಬಳಸಿದ ಫಿಕ್ಸರಿನಲ್ಲಿ (ಚಿತ್ರ ಸ್ಥಿರಗೊಳಿಸೋ ಕೆಮಿಕಲ್) ಸಿಗೋ ಬೆಳ್ಳಿಯಿಂದ ಬರುತ್ತಿದ್ದ ದುಡ್ಡೂ ಅಷ್ಟರಲ್ಲಿ ನಿಂತಿತ್ತು.

ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಸೆಕೆಂಡ್ ಹ್ಯಾಂಡ್ ಜೋಬೋ ಕಂಪನಿಯ ಡ್ರಮ್ ಪ್ರೊಸೆಸರ್ (ತಿರುಗೋ ಡ್ರಮ್ಮಲ್ಲಿ ಸ್ವಲ್ಪ ಕೆಮಿಕಲಲ್ಲೇ ಫಿಲ್ಮ್ ತೊಳೆಯೋ ಮೆಷಿನ್) ತಂದೆ. ರೋಲು ಕೂಡಿಹಾಕಿ ವಾರಕ್ಕೊಂದು ದಿನ ತೊಳೀತೀನಿ. ಬೇಕಾದಷ್ಟೇ ಡೆವಲಪರ್ ಕಲಸೋದು, ಒಂದೇ ಸಲ ಬಳಸಿ ಚೆಲ್ಲೋದು. ಬ್ಲೀಚು, ಫಿಕ್ಸರ್ ಮಾತ್ರ ಮತ್ತೆ ಬಳಕೆಗೆ. ಡೆವಲಪರ್ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್, ಅದರಲ್ಲಿ ಬದಲಿಲ್ಲ. "ಬ್ಯಾಚಿಗೊಂದು ಬಣ್ಣ ಬರುತ್ತೆ ನೋಡು" ಅಂತ ಕೆಲವರು ನಕ್ಕರು. ಪ್ರತಿ ಬ್ಯಾಚಿಗೂ ಸ್ಟ್ರಿಪ್ ಹಾಕ್ತೀನಿ. ಹಳೇ ಟ್ಯಾಂಕಿನ ಒಳ್ಳೇ ದಿನಗಳಿಗಿಂತ ರೀಡಿಂಗ್ ಗಟ್ಟಿಯಾಗಿ ನಿಂತಿದೆ. ಲೀಟರಿಗೆ ಎಷ್ಟು ರೋಲ್ ತೆಗೀತೀನಿ, ಡ್ರಮ್ ಎಷ್ಟು ವೇಗದಲ್ಲಿ ತಿರುಗಿಸ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ!

ತೊಳೆಯೋದರಲ್ಲಿ ಕೆಮಿಕಲ್ ಖರ್ಚು ಹುಟ್ಟಿದರೆ ಸಾಕು. ಲಾಭ ಸ್ಕ್ಯಾನಿಂಗಲ್ಲಿ, ಫಿಲ್ಮ್ ಆದಾಯದ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಅದರದ್ದೇ. ಗಿರಾಕಿ ಕೇಳೋದು ಫೈಲು, ನೆಗೆಟಿವ್ ಒಯ್ಯಲು ಮರೆತೇಬಿಡ್ತಾರೆ.

ಬಿಡುವಿದ್ದಾಗ ಪೇಪರ್ ತುಂಡುಗಳಲ್ಲಿ ರಿವರ್ಸಲ್ (ನೆಗೆಟಿವ್ ಇಲ್ಲದೇ ಪೇಪರಲ್ಲೇ ಚಿತ್ರ ತೆಗೆಯೋದು) ಮಾಡಿ ನೋಡಿದೆ: ಮೊದಲು ಕಪ್ಪು-ಬಿಳುಪು ಡೆವಲಪರ್, ಆಮೇಲೆ ಲೈಟ್ ಹಾಕಿ ಆರ್‌ಎ-4. ನೇರ ಪಾಸಿಟಿವ್ ಬರುತ್ತೆ, ಕಾಂಟ್ರಾಸ್ಟ್ ಮಾತ್ರ ವಿಪರೀತ. ಮಾರುವಂಥದ್ದಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅಂತ ಕೊಡಾಕ್ರೋಮ್ (ಕೊಡಾಕ್‌ನ ಹಳೇ ಕಲರ್ ಫಿಲ್ಮ್) ತಂದವರಿಗೆ ಮೊದಲೇ ಹೇಳಿಬಿಡ್ತೀನಿ: ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದದ್ದು, 2010ರ ಡಿಸೆಂಬರ್ 30ರ ನಂತರ ರೋಲ್ ತೆಗೆದುಕೊಂಡಿಲ್ಲ. ಒಪ್ಪಿದರೆ ಕಪ್ಪು-ಬಿಳುಪಲ್ಲಿ ತೆಗೆದುಕೊಡ್ತೀನಿ, ಬೇರೆ ಡ್ರಮ್ಮಲ್ಲಿ. ಅದರ ಬೆನ್ನಿನ ಕರಿ ಲೇಪ ಬಿಟ್ಟುಕೊಂಡರೆ ಜೊತೆಗಿದ್ದ ರೋಲುಗಳೂ ಹಾಳು.