ಸ್ವಯಂಚಾಲಿತ ವಾಹನ ಪರೀಕ್ಷೆ: ‘ಕಟ್-ಇನ್’ ಶುರುವಾಗುವುದು ಯಾವ ಕ್ಷಣಕ್ಕೆ?

ಪರೀಕ್ಷಾ ತಂಡಗಳಿಗೆಲ್ಲ ಒಂದೇ ಪದಕೋಶ ಕಟ್ಟುವಾಗ ನಾವು ಹಿಡಿದ ನಿಯಮ ಇಷ್ಟೇ: ಓಟದ ದಾಖಲೆಯಾದ ಲಾಗ್ ಫೈಲ್‌ನಲ್ಲಿ ಅಳೆಯಲಾಗದ ವ್ಯಾಖ್ಯೆಯನ್ನು ಒಪ್ಪುವುದಿಲ್ಲ.

ಬುನಾದಿ, ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇ ಹೊರಡಿಸಿದ ಜೆ3016 ಮಾನದಂಡದ 2021ರ ಆವೃತ್ತಿ. ಅದರ 0ರಿಂದ 5ರವರೆಗಿನ ಸ್ವಯಂಚಾಲನೆಯ ಲೆವೆಲ್‌ಗಳನ್ನೂ, ವ್ಯವಸ್ಥೆ ಯಾವ ಪರಿಸ್ಥಿತಿಯೊಳಗೆ ಓಡಬೇಕೆಂಬ ಎಲ್ಲೆಯನ್ನೂ, ಅಂದರೆ ಓಡಿಡಿಯನ್ನೂ ಇದ್ದ ಹಾಗೇ ತೆಗೆದುಕೊಂಡೆವು. ಲೆವೆಲ್ ಸೇರುವುದು ಫೀಚರ್‌ಗೆ, ಕಾರಿಗಲ್ಲ. ಒಂದೇ ಕಾರಿನಲ್ಲಿ ಹೆದ್ದಾರಿಗೆ 3, ಪೇಟೆಗೆ 2 ಇರಬಹುದು.

ತುಂಬಾ ಹೊತ್ತು ಹಿಡಿದದ್ದು ‘ಕಟ್-ಇನ್’. ಪಕ್ಕದ ಲೇನ್‌ನ ಕಾರು ನಮ್ಮ ಮುಂದೆ ನುಗ್ಗುವುದು ಎಂದರೆ ಎಲ್ಲರಿಗೂ ಗೊತ್ತು. ಆದರೆ ಒಬ್ಬರು ಇಂಡಿಕೇಟರ್ ಹಾಕಿದಾಗಿನಿಂದ, ಇನ್ನೊಬ್ಬರು ಚಕ್ರ ಗೆರೆ ಮುಟ್ಟಿದಾಗಿನಿಂದ ಎಣಿಸಿದರೆ ಡಿಕ್ಕಿಗೆ ಉಳಿದ ಸಮಯ, ಟಿಟಿಸಿ, ಬೇರೆಬೇರೆ ಬರುತ್ತದೆ. ಅದೇ ಓಟ ಒಬ್ಬರಲ್ಲಿ ಪಾಸ್, ಇನ್ನೊಬ್ಬರಲ್ಲಿ ಫೇಲ್. ಲೇನ್ ಹಿಡಿದು ತಾನೇ ಓಡುವ ವ್ಯವಸ್ಥೆಗಳಿಗೆ ಇರುವ ವಿಶ್ವಸಂಸ್ಥೆಯ ನಿಯಮ 157 ಇದನ್ನು ಬಹಳ ಚೆನ್ನಾಗಿ ಬಿಗಿ ಮಾಡಿದೆ. ನುಗ್ಗುವ ಕಾರಿನ ಮುಂದಿನ ಟೈರಿನ ಹೊರಬದಿ, ಲೇನ್ ಗೆರೆಯ ಹೊರ ಅಂಚಿನಿಂದ 0.3 ಮೀಟರ್ ಆಚೆಯ ರೇಖೆ ದಾಟಿದ ಕ್ಷಣವೇ ಲೆಕ್ಕದ ಆರಂಭ. ಅದಕ್ಕೂ ಮುಂಚೆ ಕನಿಷ್ಠ 0.72 ಸೆಕೆಂಡ್ ಅದು ಪಕ್ಕಕ್ಕೆ ಸರಿಯುತ್ತಿರುವುದು ಕಾಣಿಸಿರಬೇಕು. ಎರಡೂ ಕಾರುಗಳ ವೇಗದ ವ್ಯತ್ಯಾಸವನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ 12ರಿಂದ ಭಾಗಿಸಿ 0.35 ಕೂಡಿಸಿ; ಟಿಟಿಸಿ ಅದಕ್ಕಿಂತ ಹೆಚ್ಚಿದ್ದರೆ ಡಿಕ್ಕಿ ತಪ್ಪಿಸಲೇಬೇಕು. ಗಂಟೆಗೆ 20 ಕಿ.ಮೀ. ವ್ಯತ್ಯಾಸಕ್ಕೆ ಈ ಮಿತಿ ಸುಮಾರು 0.81 ಸೆಕೆಂಡ್. ಸೆಕೆಂಡಿಗೆ 1 ಮೀಟರ್ ಪಕ್ಕಕ್ಕೆ ಸರಿಯುವ ಕಾರಿಗೆ ಆ 0.3 ಮೀಟರ್ ಎಂದರೆ 0.3 ಸೆಕೆಂಡ್, ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು!

ತೊಡಕು ಇನ್ನೂ ಒಂದಿದೆ. ನಮ್ಮ ಲಾಗ್‌ನಲ್ಲಿ ಟೈರ್ ಸಿಗುವುದಿಲ್ಲ, ಕಾರಿನ ಸುತ್ತ ಎಳೆದ ಬಾಕ್ಸ್ ಸಿಗುತ್ತದೆ, ಕೆಲವೊಮ್ಮೆ ಅದರೊಳಗೆ ಕನ್ನಡಿಯೂ ಸೇರಿರುತ್ತದೆ. ಹಾಗಾಗಿ ಬಾಕ್ಸ್‌ನ ಅಂಚಿನಿಂದ ಎಷ್ಟು ಕಳೆಯಬೇಕೆಂಬುದನ್ನು ವ್ಯಾಖ್ಯೆಯಲ್ಲೇ ಬರೆದೆವು.

ಓಡಿಡಿಗೂ ಇದೇ ಕ್ರಮ. ‘ಜೋರು ಮಳೆ’ ಎಂದು ಬರೆದರೆ ಸಾಲದು, ಗಂಟೆಗೆ ಎಷ್ಟು ಮಿ.ಮೀ., ಯಾವ ಮಾಪಕದ್ದು ಎಂದೂ ಇರಬೇಕು.

ದೋಷದ ಪಟ್ಟಿಯಲ್ಲಿ ಎರಡು ಕಾಲಂ ಬೇಕೇ ಬೇಕು. ಕ್ಯಾಮೆರಾ ಕೇಬಲ್ ಕಿತ್ತುಹೋದರೆ ಅದು ಫಾಲ್ಟ್, ಕೆಟ್ಟ ಭಾಗಗಳಿಂದಾಗುವ ಅಪಾಯ ನೋಡುವ ಸುರಕ್ಷತಾ ಮಾನದಂಡ ಐಎಸ್‌ಒ 26262ಕ್ಕೆ ಸೇರುತ್ತದೆ. ಎದುರು ಬಿಸಿಲಿಗೆ ಗೆರೆ ಕಾಣದೆ ಹೋದರೆ ಏನೂ ಕೆಟ್ಟಿರುವುದಿಲ್ಲ, ಸಾಮರ್ಥ್ಯ ಸಾಲದಾಗಿರುತ್ತದೆ. ಅದು ಇಂಥ ಕೊರತೆಗಳ ಸುರಕ್ಷತಾ ಮಾನದಂಡ ಐಎಸ್‌ಒ 21448ಕ್ಕೆ. ಎರಡನ್ನೂ ಬೆರೆಸಿದರೆ ಹಾರ್ಡ್‌ವೇರ್‌ನವರು ಇಲ್ಲದ ದೋಷ ಹುಡುಕುತ್ತ ಕೂರುತ್ತಾರೆ.

ಪರೀಕ್ಷೆಯ ಸನ್ನಿವೇಶ ಬರೆದಿಡುವ ಪ್ರತಿ ಸಿನಾರಿಯೋ ಫೈಲ್‌ನ ತಲೆಯಲ್ಲಿ ಪದಕೋಶದ ಆವೃತ್ತಿ ಸಂಖ್ಯೆ ಹಾಕಿ. ವ್ಯಾಖ್ಯೆ ಬದಲಾದರೆ ಹಳೆಯ ಲಾಗ್‌ಗಳ ಮೇಲೆ ಮೌಲ್ಯಮಾಪನವನ್ನು ಮತ್ತೆ ಓಡಿಸದೆ ಫಲಿತಾಂಶ ಹೋಲಿಸಬೇಡಿ.