ಅನುಮಾನ ಬಾಲದಲ್ಲಿದೆ: ಸ್ಪೋಕನ್ ಇಂಗ್ಲಿಷ್ ಮೇಷ್ಟ್ರೊಬ್ಬನ ಅನುಭವ

"ಕ್ಲಾಸಲ್ಲಿ ಕನ್ನಡ ಮಾತಾಡಿಸಿದ್ರೆ ಇಂಗ್ಲಿಷ್ ಎಲ್ಲಿಂದ ಬರುತ್ತೆ?" ಅಂತ ನಕ್ಕವರು ಶಿವಮೊಗ್ಗದಲ್ಲಿ ಮೂರು ಜನ. ಮೂವರೂ ನನ್ನ ಹಾಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರೇ. ಅವರಲ್ಲಿ ಒಬ್ಬರು ಹೋದ ತಿಂಗಳು ಫೋನ್ ಮಾಡಿ, "ಆ ಬಾಲದ ಪಾಠ ಹೆಂಗೆ ಮಾಡ್ತೀರಿ, ಸ್ವಲ್ಪ ಹೇಳ್ರಿ" ಅಂದರು. ಬಾಲ ಅಂದರೆ ಬರಬಹುದು, ಬರಲಿಕ್ಕಿಲ್ಲ ಅನ್ನುವಾಗ ಕೊನೆಗೆ ಅಂಟುವ ಅನುಮಾನದ ತುಂಡು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಹೇಳುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಟೆನ್ಸು, ಆರ್ಟಿಕಲ್ಲು ಎಲ್ಲ ನಾವೆಲ್ಲರೂ ಕಲಿಸುವಂಥದ್ದೇ. ನನಗೆ ತಲೆನೋವಾಗಿದ್ದು ಅನುಮಾನದ ಮಾತು. ನಮ್ಮವರು ಇಂಗ್ಲಿಷಿಗೆ ಇಳಿದ ಕೂಡಲೇ ಎಲ್ಲವನ್ನೂ ಕಡ್ಡಿ ಮುರಿದ ಹಾಗೆ ಹೇಳುತ್ತಾರೆ. ತೀರ್ಥಹಳ್ಳಿ ಕಡೆ ಹೋಮ್‌ಸ್ಟೇ ನಡೆಸುವ ಹುಡುಗನೊಬ್ಬ ನನ್ನಲ್ಲಿ ಕಲಿಯುತ್ತಿದ್ದ. ಆಗುಂಬೆಯಲ್ಲಿ ಸೂರ್ಯಾಸ್ತ ಕಾಣುತ್ತಾ ಅಂತ ಗೆಸ್ಟ್ ಕೇಳಿದರೆ ಇವನು "ಯೆಸ್, ಯು ವಿಲ್ ಸೀ" ಅಂದ. ಅವತ್ತು ಬರೀ ಮಂಜು. ವಾಪಸ್ ಬಂದವರು ಬಿಲ್ಲಿನಲ್ಲಿ 500 ರೂಪಾಯಿ ಹಿಡಿದುಕೊಂಡರು. ಅದೇ ಕನ್ನಡದಲ್ಲಿ ಕೇಳಿದ್ದರೆ, "ಮೋಡ ಇಲ್ದಿದ್ರೆ ಕಾಣಬಹುದು, ಗ್ಯಾರಂಟಿ ಇಲ್ಲ" ಅನ್ನುತ್ತಿದ್ದ.

ಮೊದಲು ಮಾಡಿದ್ದು ಚಾರ್ಟ್. ಪರ್‌ಹ್ಯಾಪ್ಸ್, ಮೇಬಿ, ಪಾಸಿಬ್ಲಿ, ಪ್ರಿಸ್ಯೂಮಬ್ಲಿ ಅಂತ ಸುಮಾರು 30 ಪದ. ಲ್ಯಾಮಿನೇಟ್ ಮಾಡಿಸಿ 200 ಕಾಪಿ, ಖರ್ಚು 9,000ದ ಹತ್ತಿರ. ಹುಡುಗರು ಪರ್‌ಹ್ಯಾಪ್ಸ್ ಒಂದನ್ನೇ ಹಿಡಿದುಕೊಂಡರು. "ಪರ್‌ಹ್ಯಾಪ್ಸ್ ಐ ಆಮ್ ಫ್ರಮ್ ಸಾಗರ" ಅಂದ ಒಬ್ಬ. ಉಳಿದ ಹಾಳೆಗಳು ಈಗಲೂ ಇವೆ, ಮಳೆಗಾಲದಲ್ಲಿ ಕಿಟಕಿ ಸಂದಿಗೆ ತುರುಕಲು ಚೆನ್ನಾಗಿ ಬರುತ್ತವೆ.

ಆಮೇಲೆ ಕನ್ನಡ ಆಡಿದರೆ 10 ರೂಪಾಯಿ ದಂಡ ಅಂತ ಮಾಡಿದೆ. ಇಪ್ಪತ್ತೆರಡು ಜನರ ಬ್ಯಾಚು ಒಂಬತ್ತಕ್ಕೆ ಇಳಿಯಿತು. ದಂಡ ಸಿಕ್ಕಿದ್ದು 180 ರೂಪಾಯಿಯೋ ಏನೋ, ಕೈಬಿಟ್ಟ ಫೀಸು 15,000.

ನಡುವೆ ಪರ್ಸೆಂಟ್ ಹುಚ್ಚೂ ಹಿಡಿದಿತ್ತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿ ಶೆರ್ಮನ್ ಕೆಂಟ್ ಅನ್ನುವವರು ಇದೇ ತಲೆನೋವು ಅನುಭವಿಸಿದ್ದರು. 1951ರಲ್ಲಿ ಯುಗೊಸ್ಲಾವಿಯ ಮೇಲೆ ದಾಳಿ ಆಗುವ "ಸೀರಿಯಸ್ ಪಾಸಿಬಿಲಿಟಿ" ಇದೆ ಅಂತ ಇವರ ತಂಡ ವರದಿ ಬರೆಯಿತು. ಆಮೇಲೆ ಕೇಳಿ ನೋಡಿದರೆ, ಬರೆದವರಲ್ಲೇ ಒಬ್ಬರ ಮನಸ್ಸಿನಲ್ಲಿ ನೂರಕ್ಕೆ 20, ಇನ್ನೊಬ್ಬರ ಮನಸ್ಸಿನಲ್ಲಿ 80. ಕೆಂಟ್ ಒಂದೊಂದು ಪದಕ್ಕೂ ಅಂಕಿ ಕಟ್ಟಿದರು, 1964ರಲ್ಲಿ ಅದನ್ನು ಲೇಖನವಾಗಿ ಬರೆದರು. ಪ್ರಾಬಬಲ್ ಅಂದರೆ ಸುಮಾರು 75 ಅಂತ. ನಾನೂ ಬೋರ್ಡಿನ ಮೇಲೆ ಬರೆದೆ. ಒಬ್ಬಳು ಎದ್ದು ನಿಂತು, "ಸರ್, ಜುಲೈನಲ್ಲಿ ಆಗುಂಬೆ ಮಳೆಗೆ ಎಷ್ಟು ಹಾಕ್ಲಿ?" ಅಂದಳು. ಎಲ್ಲರೂ ನಕ್ಕರು, ಪಾಠ ಅಲ್ಲಿಗೇ ಮುಗಿಯಿತು.

ದಾರಿ ಸಿಕ್ಕಿದ್ದು ಒಂದು ಮಳೆಯ ಸಂಜೆ. ಕ್ಲಾಸಿನ ಬಾಗಿಲಲ್ಲಿ ನಿಂತು ಒಬ್ಬಳು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ಬಸ್ಸು ಬರ್ಲಿಕ್ಕಿಲ್ಲ ಮಾರಾಯ್ತಿ. ಮರ ಬಿದ್ದಿದೆಯಂತೆ. ಲೇಟಾಗಬಹುದು." ಅದನ್ನೇ ಇಂಗ್ಲಿಷಿನಲ್ಲಿ ಹೇಳು ಅಂದೆ. "ಬಸ್ ವಿಲ್ ನಾಟ್ ಕಮ್. ಟ್ರೀ ಫೆಲ್. ಇಟ್ ಈಸ್ ಲೇಟ್" ಅಂದಳು. ಮೂರು ಅನುಮಾನ ಇದ್ದವು, ಮೂರೂ ಉದುರಿಹೋದವು. ಯಾಕೆ ಅಂತ ಆಗ ಹೊಳೆಯಿತು. ನಾವು ಅನುಮಾನವನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ. ಇಂಗ್ಲಿಷಿನವರು ಅದನ್ನು ಮುಂದೆಯೋ ನಡುವೆಯೋ ಇಡುತ್ತಾರೆ. ವಾಕ್ಯ ಶುರು ಮಾಡುವಾಗಲೇ ನಮಗೆ ಬಾಲ ನೆನಪಾಗಬೇಕು.

ಅಲ್ಲಿಂದ ಮೊದಲು ಕನ್ನಡ ವಾಕ್ಯ, ಬಾಲಕ್ಕೆ ಗೆರೆ, ಆಮೇಲೆ ಇಂಗ್ಲಿಷ್. ಎರಡು ಬಾಲ ಪುಕ್ಕಟೆ ಸಿಕ್ಕವು. "ನೀನು ಹೋಗಬಹುದು" ಅಂದರೆ ಅಪ್ಪಣೆ, "ಮಳೆ ಬರಬಹುದು" ಅಂದರೆ ಅನುಮಾನ. ಇಂಗ್ಲಿಷಿನ ಮೇ ಕೂಡ ಹೀಗೇ ಎರಡೂ ಕೆಲಸ ಮಾಡುತ್ತದೆ. "ನೀನು ಇಲ್ಲೇ ಇರಬೇಕು", "ಅವನು ಮನೇಲಿ ಇರಬೇಕು" ಎರಡಕ್ಕೂ ಮಸ್ಟ್ ಸಾಕು. ಇಷ್ಟು ವರ್ಷ ಪಾಠ ಮಾಡಿಯೂ ಇದನ್ನು ಗಮನಿಸಿರಲಿಲ್ಲ ಅಂತ ನನಗೇ ನಾಚಿಕೆಯಾಯಿತು.

ಕಷ್ಟ ಕೊಟ್ಟಿದ್ದು ಉಳಿದವು. ಬರಲಿಕ್ಕಿಲ್ಲ ಅನ್ನುವುದಕ್ಕೆ ಮಸ್ಟ್ ನಾಟ್ ಕಮ್ ಅಂದರೆ ಬರಕೂಡದು ಅಂತಾಗುತ್ತದೆ. ಅಲ್ಲಿ "ಐ ಡೋಂಟ್ ಥಿಂಕ್ ಹಿ ವಿಲ್ ಕಮ್" ಬೇಕು. ನಮ್ಮ ಕೊನೆಯ ಇಲ್ಲ ಅವರಲ್ಲಿ ಮೊದಲಿಗೇ ಓಡುತ್ತದೆ. ಬಿದ್ದಿದೆಯಂತೆ ಅನ್ನುವಲ್ಲಿನ "ಅಂತೆ"ಗೆ ನಾವೆಲ್ಲ "ಇಟ್ ಸೀಮ್ಸ್" ಅಂತ ಕೊನೆಗೆ ಅಂಟಿಸುತ್ತೇವೆ, ನಾನೂ ಅಂಟಿಸುತ್ತಿದ್ದೆ. ಹೊರಗಿನವರ ಕಿವಿಗೆ ಅದು ಕಂಡದ್ದರಿಂದ ನಾವೇ ಊಹಿಸಿದ ಹಾಗೆ ಕೇಳುತ್ತದೆ, ಯಾರೋ ಹೇಳಿದ್ದು ಅಂತ ಅಲ್ಲ. ಮಾತಿಗೆ "ಐ ಹರ್ಡ್" ಸಾಕು, ಬರೆಯುವಾಗ ಅಪೇರೆಂಟ್ಲಿ.

ಇನ್ನು ಡೌಟು. "ಅವನು ಬರೋದು ಡೌಟು" ಅನ್ನುವಾಗ ನಾವೂ ಅವರೂ ಒಂದೇ. ಆದರೆ "ಅವನ ಮೇಲೆ ಡೌಟು" ಅಂದರೆ ಉಲ್ಟಾ. ನನ್ನ ವಿದ್ಯಾರ್ಥಿಯೊಬ್ಬ ಅಂಗಡಿಯಲ್ಲಿ ಹಣ ಕಾಣೆಯಾದಾಗ ಮಾಲೀಕರಿಗೆ "ಐ ಡೌಟ್ ದಿ ಡೆಲಿವರಿ ಬಾಯ್ ಟುಕ್ ಇಟ್" ಅಂತ ಬರೆದ. ಅವನು ತಗೊಂಡಿರಲಿಕ್ಕಿಲ್ಲ ಅಂತ ಅವರು ಓದಿಕೊಂಡರು. ಇವನಿಗೆ ಬೇಕಾಗಿದ್ದದ್ದು ಸಸ್ಪೆಕ್ಟ್. ಸುಮ್ನೆ ಹೇಳಿದೆ, ಆ ಡೌಟಿನ ನಡುವೆ ಇರುವ ಬಿ ಮೊದಲು ಇರಲೇ ಇಲ್ಲ. ಲ್ಯಾಟಿನ್ ಮೂಲ ನೆನಪಿಸಲು ಪಂಡಿತರು ತುರುಕಿದ ಅಕ್ಷರ ಅದು. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಸ್ಪೆಲ್ಲಿಂಗ್ ತಪ್ಪುವುದಿಲ್ಲ.

ಒಂದು ದಿನ ಅಡಿಕೆ ಮಂಡಿಯ ಹತ್ತಿರ ನಿಂತು ಪರಿಚಯದವರನ್ನು ಕೇಳಿಯೇ ಅವರ ಮಾತು ರೆಕಾರ್ಡ್ ಮಾಡಿಕೊಂಡೆ. ನಾಲ್ಕು ನಿಮಿಷಕ್ಕೆ ಹದಿನೇಳು ಬಾಲ! ರೇಟು ಏರಬಹುದು, ಇಳಿಯಲಿಕ್ಕಿಲ್ಲ, ಅವರು ಮಾರಿದರಂತೆ, ನಾವು ತಪ್ಪಿದೆವೇನೋ. ಈಗ ಅದೇ ನನ್ನ ಎರಡನೇ ವಾರದ ಪಾಠ. ಅದಕ್ಕಿಂತ ಒಳ್ಳೆ ಪುಸ್ತಕ ನನಗೆ ಸಿಕ್ಕಿಲ್ಲ. ಕೊನೆಯ ಆ ಏನೋ ಇದೆಯಲ್ಲ, ಅದಕ್ಕೆ "ಐ ವಂಡರ್ ಇಫ್" ಅಂತ ಎಲ್ಲರಿಗೂ ಗೊತ್ತು. ಬಾಯಿಗೆ ಕೂರಿಸುವ ಆಟ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಮೊದಲ ದಿನ ಯಾವ ಬಾಲದಿಂದ ಶುರು ಮಾಡುತ್ತೇನೆ ಅನ್ನುವುದೂ ಅಷ್ಟೇ.

ಫೀಸು 1,200ರಿಂದ 1,800ಕ್ಕೆ ಏರಿಸಿದೆ, ಯಾರೂ ತಕರಾರು ಮಾಡಲಿಲ್ಲ. ಭಾನುವಾರದ ಹೋಮ್‌ಸ್ಟೇ ಬ್ಯಾಚಿಗೆ ಈಗ ಹದಿನಾಲ್ಕು ಜನ. ಅದರಲ್ಲಿ ಸಾಗರದ ಕಡೆಯ ಒಬ್ಬರು, ನನಗಿಂತ ಹತ್ತು ವರ್ಷ ದೊಡ್ಡವರು, ಹೋದ ಮಳೆಗಾಲದಲ್ಲಿ ಫೋನ್ ಮಾಡಿದರು. ಗೆಸ್ಟ್ ಜೋಗ ನೋಡಲು ಹೋಗಿ, ಬರೀ ಮಂಜು ಅಂತ ಮುಖ ಊದಿಸಿಕೊಂಡು ಬಂದಿದ್ದರಂತೆ.

"ನಾನು ಹೇಳ್ದೆ ಮೇಷ್ಟ್ರೇ. ಲಿಂಗನಮಕ್ಕಿ ಡ್ಯಾಮಿನ ಗೇಟ್ ತೆಗೆದ್ರು ಅಂತ ಐ ಹರ್ಡ್. ಮಂಜು ನಾಳೆ ಬೆಳಿಗ್ಗೆ ಮೈಟ್ ಕ್ಲಿಯರ್. ಬಟ್ ಐ ಆಮ್ ನಾಟ್ ಶೂರ್."

"ಏನಂದ್ರು?"

"ಇನ್ನೊಂದು ದಿನ ಉಳ್ಕೊಂಡ್ರು."