ಬಂಡೆ ಸಿಕ್ಕಿದ ಮೇಲೆ ಶುರುವಾದ ಕೆಲಸ

ರಾಮನಗರದ ಹತ್ತಿರ ಮೂರು ಅಂತಸ್ತಿನ ಮನೆಯೊಂದಕ್ಕೆ ಪಾಯ ತೆಗೆಸುತ್ತಿದ್ದೆ. ಹನ್ನೆರಡು ಕಾಲಂ, ಒಂದೊಂದಕ್ಕೂ ಒಂದು ಕುಳಿ. ಉತ್ತರದ ಮೂಲೆಯಲ್ಲಿ ಎರಡೇ ಅಡಿಗೆ ಬಂಡೆ ಸಿಕ್ಕಿತು. ದಕ್ಷಿಣದಲ್ಲಿ ಹತ್ತು ಅಡಿ ಅಗೆದರೂ ಬರೀ ಗರಸು. "ಬಂಡೆ ಸಿಕ್ತಲ್ಲ ಸಾರ್, ಹತ್ತು ಮಹಡಿ ಹೊರುತ್ತೆ" ಅಂದರು ಮೇಸ್ತ್ರಿ. ನನಗೆ ಚಿಂತೆ ಹತ್ತಿದ್ದೇ ಆಗ.

ಹಿಂದೆ ಇಂಥದ್ದೇ ಒಂದು ಮನೆ ಕಟ್ಟಿಸಿದ್ದೆ. ಅರ್ಧ ಬಂಡೆಯ ಮೇಲೆ, ಅರ್ಧ ಮಣ್ಣಿನ ಮೇಲೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಂಡೆ ಮುಗಿಯುವ ಗೆರೆಯ ನೇರಕ್ಕೇ ಗೋಡೆ ಸೀಳಿತು. ಆ ನಕ್ಷೆಗೆ ಸಹಿ ಹಾಕಿದ್ದವನು ನಾನೇ.

ಬಂಡೆಯ ಬಲದ ಬಗ್ಗೆ ಅನುಮಾನವೇನಿಲ್ಲ. ಬಿರುಕಿಲ್ಲದ ಗಟ್ಟಿ ಗ್ರಾನೈಟಿಗೆ ನಮ್ಮ ಐಎಸ್ ಕೋಡಿನ (ಭಾರತೀಯ ಮಾನಕದ) ಹಳೆಯ ಕೋಷ್ಟಕ ಚದರ ಮೀಟರಿಗೆ 3240 ಕಿಲೋನ್ಯೂಟನ್ ಹೊರುವ ಬಲ ಕೊಡುತ್ತದೆ; ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕೆಜಿ ತೂಕ. ನನ್ನ ಒಂದು ಕಾಲಂ ಭಾರ 600 ಕಿಲೋನ್ಯೂಟನ್. ಫುಟಿಂಗ್, ಅಂದರೆ ಕಾಲಂ ಬುಡದ ಅಗಲ ಕಾಂಕ್ರೀಟ್ ಪಾದ, 1.2 ಮೀಟರ್ ಚೌಕ ಇಟ್ಟರೂ ಚದರ ಮೀಟರಿಗೆ 420ರ ಆಸುಪಾಸು. ತೊಂದರೆ ಇರುವುದು ಒಂದು ಕಡೆ ಕುಸಿದು ಇನ್ನೊಂದು ಕಡೆ ಕುಸಿಯದಿರುವುದರಲ್ಲಿ.

ಇನ್ನೊಂದು ಭಯವೂ ಇತ್ತು. ಈ ಸೀಮೆಯ ಗ್ರಾನೈಟ್ ಸೀಳುಗಳ ಗುಂಟ ಕೊಳೆತು ಗರಸಾಗುತ್ತದೆ, ನಡುವೆ ಕೊಳೆಯದೆ ಉಳಿದದ್ದು ದುಂಡಗೆ ಗುಂಡಾಗಿ ಮಣ್ಣಿನಲ್ಲೇ ಕೂತಿರುತ್ತದೆ. ಮೇಲಿನಿಂದ ನೋಡಿದರೆ ನೆಲದಡಿ ಒಂದೇ ಆಗಿ ಹಬ್ಬಿದ ತಾಯಿಬಂಡೆಗೂ ಇಂಥ ಬಿಡಿ ಗುಂಡುಕಲ್ಲಿಗೂ ವ್ಯತ್ಯಾಸವೇ ತಿಳಿಯದು. ಹಾಗಾಗಿ ಬಂಡೆ ಕಂಡ ಪ್ರತಿ ಕುಳಿಯಲ್ಲೂ ಮೂರು ಮೀಟರ್ ಆಳಕ್ಕೆ ತೂತು ಕೊರೆಸಿದೆ. ಬೂದುಬಣ್ಣದ ಪುಡಿ ಒಂದೇ ಸಮನೆ ಬರುತ್ತಿದ್ದರೆ ನೆಮ್ಮದಿ. 7ನೇ ಕುಳಿಯಲ್ಲಿ ನಾಲ್ಕು ಅಡಿ ಕೊರೆದ ಮೇಲೆ ರಾಡು ಸರಕ್ಕನೆ ಒಳಗೆ ಜಾರಿತು. ಪುಡಿ ಕೆಂಪಾಯಿತು. ಅದು ಗುಂಡು.

3ನೇ ಕುಳಿಯಲ್ಲಿ ಬಂಡೆ ದಕ್ಷಿಣಕ್ಕೆ ಇಳಿಜಾರಾಗಿತ್ತು. ಮದ್ದು ಸಿಡಿಸಿದರೆ ಉಳಿಯುವ ಬಂಡೆಯೂ ಬಿರಿಯುತ್ತದೆ ಎಂದು ಕಲ್ಲು ಒಡೆಯುವವರನ್ನು ಕರೆಸಿ, ಉಳಿ-ಬೆಣೆಯಲ್ಲೇ ಮೆಟ್ಟಿಲು ಕಡಿಸಿದೆ. ಪಾಯ ಜಾರದಂತೆ ಬಂಡೆಯೊಳಗೆ ಒಂದು ಮೀಟರ್ ಆಳಕ್ಕೆ 25 ಎಂಎಂ ಸರಳು ಇಳಿಸಿ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿದೆವು. ಅಲ್ಲೇ ನಾಲ್ಕು ಬೆರಳಗಲದ ಸೀಳೊಂದರಲ್ಲಿ ಜೇಡಿ ತುಂಬಿತ್ತು. ಕೆದಕಿ, ನೀರು ಹೊಡೆದು ತೊಳೆದು, ಗಾಳಿ ಬಿಟ್ಟು ಒಣಗಿಸಿ ಕಾಂಕ್ರೀಟ್ ಹಾಕಿದೆವು. ಈ ತೊಳೆಯುವ ಕೆಲಸವನ್ನು ನಾನು ನಿಂತೇ ಮಾಡಿಸುತ್ತೇನೆ. ಎಲ್ಲರೂ ಅವಸರ ಮಾಡುವುದೇ ಅಲ್ಲಿ.

ದಕ್ಷಿಣದ ಐದು ಕುಳಿಗಳನ್ನು, ಬದಿ ಕುಸಿಯದಂತೆ ಆನಿಕೆ ಕೊಟ್ಟು, ತಾಯಿಬಂಡೆವರೆಗೂ ಇಳಿಸಬೇಕು ಅಂದೆ. ಅತಿ ಆಳದ್ದು 4.2 ಮೀಟರ್. ಅಲ್ಲಿಂದ ಫುಟಿಂಗ್ ಮಟ್ಟದವರೆಗೆ ಎಂ15 ದರ್ಜೆಯ ಸಾಧಾರಣ ಕಾಂಕ್ರೀಟ್ ತುಂಬುವುದು.

"ಇಷ್ಟೊಂದು ದುಡ್ಡು ಮಣ್ಣಲ್ಲಿ ಹೂಳಬೇಕಾ ಸಾರ್?" ಅಂದರು ಮನೆ ಯಜಮಾನರು. ಸಿಟ್ಟಾಗಲಿಲ್ಲ, ಅವರ ಸಾಲ ನನಗೆ ಗೊತ್ತಿತ್ತು. ಹಳೆಯ ಮನೆಗೆ ಕರೆದುಕೊಂಡು ಹೋಗಿ ಬಿರುಕು ತೋರಿಸಿದೆ, ನನ್ನ ತಪ್ಪನ್ನೂ ಹೇಳಿದೆ. ಅವರು ಬಿರುಕಿನೊಳಗೆ ಬೆರಳಿಟ್ಟು ನೋಡಿದರು.

ಮರುದಿನ 7ನೇ ಕುಳಿಗೆ ಬ್ರೇಕರ್ ಬಂತು. ಗುಂಡು ಒಡೆದು ತೆಗೆದ ಮೇಲೆ ಹನ್ನೊಂದು ಅಡಿಗೆ ಬಂಡೆ ಸಿಕ್ಕಿತು. ಮತ್ತೆ ಕೊರೆಸಿದೆವು. ಈ ಸಲ ಮೂರು ಮೀಟರ್ ಮುಗಿಯುವವರೆಗೂ ಬೂದುಪುಡಿಯೇ.